ದೇವಿಕೊಪ್ಪದ ಸೀಮೆಯ ಸೀತಾಳೆ ದಂಡೆಯೂ ಅದರ ಸಂತತಿಯೂ

ಧಾರವಾಡ ಜಿಲ್ಲೆಯೆಂದೊಡನೆ ಹತ್ತಿ, ಜೋಳ, ಕಡಲೆಗಳ ಎರೆಭೂಮಿಯೇ ಹೆಚ್ಚಿನವರ ಕಣ್ಣಮುಂದೆ ಬರುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲೂಕುಗಳ ಮಟ್ಟಿಗೆ ಇದು ಸರಿಯಾದ ಚಿತ್ರವೇ. ಆದರೆ ಪಶ್ಚಿಮಕ್ಕೆ ಕಲಘಟಗಿ ತಾಲೂಕನ್ನು ಹೊಕ್ಕಂತೆ ಎರೆಯ ಬಯಲು ಹಿಂದುಳಿದು, ಕೆಂಪು ಮಣ್ಣಿನ ಏರಿಳಿತಗಳೂ, ಭತ್ತದ ಗದ್ದೆಗಳೂ, ಅವುಗಳಾಚೆ ಕಾಡಿನ ಅಂಚೂ ಕಾಣತೊಡಗುತ್ತವೆ. ಬೇಡ್ತಿ ನದಿಯ ಜಲಾನಯನಕ್ಕೆ ಸೇರಿದ ಈ ಸೀಮೆಯು ಪೂರ್ಣ ಮಲೆನಾಡೂ ಅಲ್ಲ, ಪೂರ್ಣ ಬಯಲುಸೀಮೆಯೂ ಅಲ್ಲ. ಎರಡರ ನಡುವಣ ಅರೆಮಲೆನಾಡು. ದೇವಿಕೊಪ್ಪದ ಕಾಡು ಇರುವದು ಇಲ್ಲಿಯೇ. ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಸಾಗವಾನಿ, ಮತ್ತಿ, ದಿಂಡಗ, ನಂದಿ, ಹೊನ್ನೆ ಮೊದಲಾದವು ಇಂತಹ ಕಾಡುಗಳ ಮುಖ್ಯ ವೃಕ್ಷಗಳಾಗಿವೆ.

ಈ ಬಗೆಯ ಮರಗಳ ಕೊಂಬೆಗಳಲ್ಲಿ ನೆಲದ ಸಂಪರ್ಕವಿಲ್ಲದೆಯೇ ಬಾಳುವ ಒಂದು ಸಸ್ಯವರ್ಗವುಂಟು. ಮಲೆನಾಡಿನವರು ಅದನ್ನು ಸೀತಾಳೆಯೆಂದೂ, ಹೂವಿನ ವ್ಯಾಪಾರಿಗಳು ಆರ್ಕಿಡ್ ಎಂದೂ ಕರೆಯುತ್ತಾರೆ. ಮುಂಗಾರಿನ ಹೊತ್ತಿಗೆ ಇದರ ಗೊನೆಗಳು ಇಳಿಬಿದ್ದು ಕಾಡಿಗೆ ಶೋಭೆಯನ್ನು ತರುತ್ತವೆ. ಅದನ್ನು ಕಂಡವರು “ಈ ವರ್ಷ ಸೀತಾಳೆ ಚೆನ್ನಾಗಿ ಬಂದಿದೆ” ಎಂದು ಸಮಾಧಾನಪಡುವದು ಸಹಜ. ಆದರೆ ಹೂವು ಸಮೃದ್ಧವಾಗಿದೆಯೆಂದ ಮಾತ್ರಕ್ಕೆ ಸಸ್ಯದ ವಂಶವು ಕ್ಷೇಮವಾಗಿದೆಯೆಂದು ಹೇಳಬಹುದೇ? ಹೇಳಲಾಗದೆಂಬದನ್ನೂ, ಕ್ಷೇಮವನ್ನು ಅಳೆಯುವ ಬಗೆಯಾವದೆಂಬದನ್ನೂ, ಅದರಲ್ಲಿ ಒಕ್ಕಲಿಗರ ಪಾಲೇನೆಂಬದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಸಸ್ಯದ ಪರಿಚಯ

ಸೀತಾಳೆಗಳಲ್ಲಿ ಅನೇಕ ಜಾತಿಗಳಿವೆ. ಜಗತ್ತಿನಲ್ಲಿ ಸುಮಾರು 28 ಸಾವಿರ ಜಾತಿಗಳು ಈ ಕುಟುಂಬಕ್ಕೆ ಸೇರಿರುತ್ತವೆ; ಭಾರತೀಯ ಸಸ್ಯಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಮ್ಮ ದೇಶದಲ್ಲಿ 1,256 ಜಾತಿಗಳಿವೆ. ಇವುಗಳಲ್ಲಿ ಸಹ್ಯಾದ್ರಿಯ ಎಲೆಯುದುರುವ ಕಾಡುಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾದದ್ದು ಸೀತಾಳೆ ದಂಡೆ. ದಂಡೆಯೆಂದರೆ ಹೆಂಗಳೆಯರು ಮುಡಿಯುವ ಹೂಮಾಲೆಯೆಂಬದು ನಮ್ಮವರಿಗೆ ಗೊತ್ತಿದ್ದದ್ದೇ. ಹೂಗೊನೆಯ ರೂಪದಿಂದಲೇ ಈ ಹೆಸರು ಬಂದಿದೆ.

ಇದರ ಕಾಂಡವು ಗಿಡ್ಡವೂ ದಪ್ಪವೂ ಆಗಿರುವದು. ಪಟ್ಟಿಯಂತಹ ದಪ್ಪ ಎಲೆಗಳು ಎರಡು ಸಾಲಾಗಿ ಹೊರಟು ಬಾಗಿರುತ್ತವೆ. ಎಲೆಯ ತುದಿಯು ಕಚ್ಚಿ ಹರಿದಂತೆ ಮೊಂಡಾಗಿರುವದು. ಬೇರುಗಳು ಬೂದುಬಿಳಿ ಬಣ್ಣದವು, ಬಳ್ಳಿಯಂತೆ ತೊಗಟೆಯ ಮೇಲೆ ಹರಿದಿರುತ್ತವೆ. ಒಂದು ಗೇಣಿನಿಂದ ಒಂದೂವರೆ ಗೇಣಿನಷ್ಟು ಉದ್ದದ ಗೊನೆಯು ನರಿಯ ಬಾಲದಂತೆ ಕೆಳಗಿಳಿದು, ನೂರಕ್ಕೂ ಹೆಚ್ಚು ಹೂಗಳನ್ನು ಒತ್ತಾಗಿ ಹೊತ್ತಿರುವದುಂಟು. ಹೂವು ಬಿಳಿ; ಅದರ ಮೇಲೆ ನಸುನೇರಿಳೆಯ ಚುಕ್ಕೆಗಳು; ಕೆಳದಳವು ನೇರಿಳೆ.

ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ವಾನ್ ರೀಡನ ‘ಹೊರ್ಟುಸ್ ಮಲಬಾರಿಕುಸ್’ ಎಂಬ ಗ್ರಂಥದ ಹನ್ನೆರಡು ಸಂಪುಟಗಳು 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದವು. ಅದರಲ್ಲಿ ಈ ಸಸ್ಯದ ಚಿತ್ರವು ‘ಆಂಜಿಲಿ ಮರವಾರ’ ಎಂಬ ಹೆಸರಿನಿಂದ ಬಂದಿದೆ. ಆಂಜಿಲಿಯೆಂದರೆ ಮಲೆಯಾಳದಲ್ಲಿ ಹೆಬ್ಬಲಸು. ಗಿಡದ ಹೆಸರಿನಲ್ಲಿಯೇ ಅದರ ಆಶ್ರಯವೃಕ್ಷದ ಹೆಸರೂ ಸೇರಿಕೊಂಡಿರುವದು ಗಮನಾರ್ಹವಾದ ಸಂಗತಿ. 1753ರಲ್ಲಿ ಲಿನೇಯಸನು ಇದನ್ನು ‘ಮರದ ಮೇಲಿನದು’ ಎಂಬರ್ಥದ ಎಪಿಡೆಂಡ್ರಮ್ ಕುಲಕ್ಕೆ ಸೇರಿಸಿದನು; 1825ರಲ್ಲಿ ಬ್ಲೂಮನು ರಿಂಕೊಸ್ಟೈಲಿಸ್ ಎಂಬ ಬೇರೆ ಕುಲವನ್ನೇ ಮಾಡಿದನು. ಇಂದು ಶಾಸ್ತ್ರಜ್ಞರು ಇದನ್ನು ರಿಂಕೊಸ್ಟೈಲಿಸ್ ರೆಟೂಸಾ ಎಂದು ಕರೆಯುತ್ತಾರೆ. ಅಸ್ಸಾಮಿನಲ್ಲಿ ಇದೇ ಹೂವು ‘ಕಪೌ’ ಎಂದು ಪ್ರಸಿದ್ಧವಾಗಿದ್ದು, ವೈಶಾಖದ ಬಿಹು ಹಬ್ಬದಲ್ಲಿ ನರ್ತಕಿಯರು ಅದನ್ನು ಮುಡಿಯುತ್ತಾರೆ. ಅದು ಆ ರಾಜ್ಯದ ರಾಜ್ಯಪುಷ್ಪವೂ ಆಗಿದೆ.

ಬಂದಣಿಕೆಗೂ ಸೀತಾಳೆಗೂ ಇರುವ ಭೇದ

ಒಕ್ಕಲಿಗರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದು. ಬಂದಣಿಕೆ, ಬದನಿಕೆ, ಬಂದಳಿಕೆ ಎಂಬ ಹೆಸರುಗಳು ನಮ್ಮಲ್ಲಿ ಎರಡು ಬೇರೆ ಬೇರೆ ಸಸ್ಯಗಳಿಗೆ ಸಲ್ಲುತ್ತವೆ. ಒಂದು, ಮಾವಿನ ಮರವನ್ನು ಹೀರಿ ಒಣಗಿಸುವ ನಿಜವಾದ ಪರಾಶ್ರಯಿ. ಇನ್ನೊಂದು, ವಾಂಡಾ ಟೆಸಲೇಟಾ ಎಂಬ ನಿರಪರಾಧಿಯಾದ ಸೀತಾಳೆ. ಈ ಗೊಂದಲವು ಇಂದಿನದಲ್ಲ. ಸಂಸ್ಕೃತದಲ್ಲಿ ವಂದಾ ಎಂದರೆ ಮರದ ಮೇಲೆ ಬೆಳೆಯುವ ಪರಾಶ್ರಯಿ ಗಿಡ. ಅದೇ ಶಬ್ದವನ್ನೇ 1820ರಲ್ಲಿ ರಾಬರ್ಟ್ ಬ್ರೌನನು ಸೀತಾಳೆಯ ಒಂದು ಕುಲಕ್ಕೆ ಸ್ಥಿರಪಡಿಸಿದನು. ಹೆಸರು ಒಂದಾದದ್ದರಿಂದ ದಂಡನೆಯೂ ಒಂದೇ ಆಗುತ್ತ ಬಂದಿದೆ. ತೋಟವನ್ನು ಶುದ್ಧಮಾಡುವಾಗ ಬಂದಣಿಕೆಯೊಡನೆ ಸೀತಾಳೆಯನ್ನೂ ಕಿತ್ತೊಗೆಯುವದು ಕಂಡುಬರುತ್ತದೆ.

ಇವೆರಡನ್ನು ಗುರುತಿಸುವದು ಕಷ್ಟವಲ್ಲ. ನಿಜವಾದ ಬಂದಣಿಕೆಯು ಕವಲೊಡೆದ ಗಟ್ಟಿ ಪೊದೆಯಂತಿರುವದು. ಅದು ಕೊಂಬೆಯನ್ನು ಸೇರುವಲ್ಲಿ ಗಂಟು ಕಟ್ಟಿರುತ್ತದೆ. ಆ ಗಂಟನ್ನು ಸೀಳಿ ನೋಡಿದರೆ ಅದರ ಹೀರುಬೇರು ಮರದ ಕಟ್ಟಿಗೆಯೊಳಕ್ಕೆ ಹೊಕ್ಕಿರುವದು ಕಾಣುವದು. ಗಂಟಿನಿಂದಾಚೆಗಿನ ಕೊಂಬೆಯು ಕ್ರಮೇಣ ಸೊರಗುವದು. ಅದರ ಅಂಟುಬೀಜವನ್ನು ಬದನಿಕೆ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒಯ್ಯುತ್ತವೆ. ಹಣ್ಣಾಗುವ ಮೊದಲೇ ಅದನ್ನು ಗಂಟಿನ ಕೆಳಗಿನಿಂದ ಕೊಂಬೆಸಹಿತ ಕತ್ತರಿಸುವದು ಯೋಗ್ಯ.

ಸೀತಾಳೆಯ ಬೇರಾದರೋ ತೊಗಟೆಯ ಹೊರಮೈಯನ್ನು ಮಾತ್ರ ಅಪ್ಪಿಕೊಂಡಿರುವದು. ಅದನ್ನು ಮೆಲ್ಲನೆ ಎಬ್ಬಿಸಿದರೆ ಕೆಳಗೆ ಗಾಯವಾಗಲಿ ರಂಧ್ರವಾಗಲಿ ಕಾಣದು. ಅದು ಮರದ ರಸವನ್ನು ಹೀರುವದಿಲ್ಲ. ಮರವು ಅದಕ್ಕೆ ಮನೆಯೇ ಹೊರತು ಅನ್ನದ ತಟ್ಟೆಯಲ್ಲ. ಹಳೆಯ ಮಾವಿನ ಮರದಲ್ಲಿ ಸೀತಾಳೆ ಇದೆಯೆಂದು ಫಸಲು ಕಡಿಮೆಯಾಗುವದೆಂಬ ಭಯಕ್ಕೆ ಆಧಾರವಿಲ್ಲ.

ನೀರು ಆಹಾರಗಳ ಸಂಪಾದನೆ

ಮರದಿಂದ ಏನನ್ನೂ ಹೀರದಿದ್ದರೆ ಈ ಗಿಡವು ಬದುಕುವದು ಹೇಗೆ? ಅದರ ಬೇರಿನ ಸುತ್ತ ಸ್ಪಂಜಿನಂತಹ ನಿರ್ಜೀವ ಕೋಶಗಳ ಹೊದಿಕೆಯೊಂದಿದೆ. ಒಣಗಿದಾಗ ಇದು ಬೆಳ್ಳಿಯ ಬಣ್ಣದ್ದಾಗಿ ತೋರುವದು. ಮಳೆಯ ಹನಿ ಬಿದ್ದೊಡನೆ ನೀರನ್ನು ಹೀರಿ, ಒಳಗಿನ ಹಸಿರು ಹೊರಗೆ ಕಾಣುವದು. ತೊಗಟೆಯ ಮೇಲೆ ಹರಿದುಬರುವ ಮಳೆನೀರಿನಲ್ಲಿ ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆಗಳ ಸಾರವು ಕರಗಿರುವದು. ಅದೇ ಇದರ ಗೊಬ್ಬರ.

ಕಲಘಟಗಿಯ ಸೀಮೆಯಲ್ಲಿ ಮಳೆಗಾಲ ಮುಗಿದ ಮೇಲೆ ಅನೇಕ ತಿಂಗಳು ಒಣಹವೆಯಿರುವದು. ಮರವು ತಾನೇ ಎಲೆಯುದುರಿಸಿ ನಿಂತಾಗ ಅದರ ಮೇಲಿನ ಸೀತಾಳೆಯು ಬಿಸಿಲಿಗೆ ಸಂಪೂರ್ಣ ತೆರೆದುಕೊಳ್ಳುವದು. ಆಗ ಅದನ್ನು ಕಾಪಾಡುವದು ಒಂದು ವಿಶೇಷ ವ್ಯವಸ್ಥೆ. ಸಾಮಾನ್ಯ ಬೆಳೆಗಳು ಎಲೆಯ ಸೂಕ್ಷ್ಮರಂಧ್ರಗಳನ್ನು ಹಗಲಿನಲ್ಲಿ ತೆರೆದರೆ, ದಪ್ಪ ಎಲೆಯ ಈ ಸೀತಾಳೆಗಳು ರಾತ್ರಿಯ ತಂಪಿನಲ್ಲಿ ತೆರೆದು ಅಂಗಾರಾಮ್ಲ ವಾಯುವನ್ನು ಸಂಗ್ರಹಿಸಿಕೊಂಡು, ಹಗಲಿನಲ್ಲಿ ಬಾಗಿಲು ಮುಚ್ಚಿ ಆಹಾರವನ್ನು ತಯಾರಿಸುತ್ತವೆ. ಇದರಿಂದ ನೀರು ಬಹಳ ಉಳಿಯುವದು. ಆದರೆ ಬೆಳವಣಿಗೆಯು ನಿಧಾನವಾಗುವದು. ಈ ನಿಧಾನಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಸಂಗತಿಗಳೆಲ್ಲ ಇದನ್ನೇ ಅವಲಂಬಿಸಿವೆ.

ಬೀಜದಿಂದ ಗಿಡದ ವರೆಗೆ

ಸೀತಾಳೆಯ ಪರಾಗವು ಇತರ ಹೂಗಳಂತೆ ಪುಡಿಯಾಗಿರದೆ ಮುದ್ದೆಯಾಗಿರುವದು. ಹೂವನ್ನು ಹೊಕ್ಕ ಕೀಟದ ಮೈಗೆ ಇಡೀ ಮುದ್ದೆಯೇ ಅಂಟಿಕೊಂಡು ಇನ್ನೊಂದು ಹೂವಿಗೆ ಹೋಗಬೇಕು. ಇದು ಕೂಡಿಬರುವದು ಅಪರೂಪ. ಆದಕಾರಣ ಗೊನೆಯಲ್ಲಿ ನೂರು ಹೂಗಳಿದ್ದರೂ ಕಾಯಿಕಚ್ಚುವವು ಸಾಮಾನ್ಯವಾಗಿ ಕೆಲವೇ. ಆದರೆ ಕಚ್ಚಿದ ಒಂದೊಂದು ಕಾಯಿಯಲ್ಲಿಯೂ ಧೂಳಿನಂತಹ ಬೀಜಗಳು ಸಾವಿರಗಟ್ಟಲೆ ಇರುತ್ತವೆ.

1862ರಲ್ಲಿ ಮೊದಲು ಪ್ರಕಟವಾದ ತನ್ನ ಸೀತಾಳೆಗಳ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ನನು ಇಂಗ್ಲಂಡಿನ ಒಂದು ನೆಲಸೀತಾಳೆಯ ಬೀಜಗಳ ಲೆಕ್ಕವನ್ನು ಕೊಟ್ಟಿದ್ದಾನೆ. ಒಂದು ಕಾಯಿಯಲ್ಲಿ 6,200. ಮೂವತ್ತು ಕಾಯಿಗಳುಳ್ಳ ಒಂದು ಗಿಡದಲ್ಲಿ 1,86,300ರಷ್ಟು. ಅವೆಲ್ಲ ಮೊಳೆತು ಬೆಳೆದರೆ ಒಂದೇ ಗಿಡದ ಮರಿಮಕ್ಕಳು ಭೂಮಂಡಲದ ನೆಲವನ್ನೆಲ್ಲ ಮುಚ್ಚಿಬಿಡುವವೆಂದು ಆತನು ಗುಣಿಸಿ ತೋರಿಸಿದನು. ಹಾಗಾಗದಂತೆ ತಡೆಯುವದೇನೆಂಬದು ಆತನಿಗೆ ತಿಳಿಯಲಿಲ್ಲ.

ಅದರ ಮುಖ್ಯ ಕಾರಣವನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬೆರ್ನಾರನು ಕಂಡುಹಿಡಿದನು. ಜೋಳದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿಯನ್ನು ತಾಯಿಗಿಡವೇ ಕಟ್ಟಿ ಕೊಟ್ಟಿರುತ್ತದೆ. ಸೀತಾಳೆಯ ಬೀಜದಲ್ಲಿ ಅಂತಹ ಬುತ್ತಿಯಿಲ್ಲ. ಅದು ಬಿದ್ದ ಸ್ಥಳದಲ್ಲಿ ಯೋಗ್ಯವಾದ ಒಂದು ಶಿಲೀಂಧ್ರವು, ಅಂದರೆ ಬೂಜಿನ ಜಾತಿಯ ಸೂಕ್ಷ್ಮಜೀವಿಯು, ಇದ್ದು ಬೀಜದೊಳಗೆ ಎಳೆಗಳನ್ನು ಸೇರಿಸಿ ಆಹಾರವನ್ನೊದಗಿಸಿದರೆ ಮಾತ್ರ ಅದು ಮೊಳೆಯುವದು. 1922ರಲ್ಲಿ ಅಮೇರಿಕೆಯ ಲೂಯಿಸ್ ನಡ್ಸನ್ನನು ಶಿಲೀಂಧ್ರದ ಬದಲು ಸಕ್ಕರೆಯನ್ನು ಕೊಟ್ಟು ಗಾಜಿನ ಪಾತ್ರೆಯಲ್ಲಿ ಬೀಜಗಳನ್ನು ಮೊಳೆಯಿಸಿ ತೋರಿಸಿದನು. ಇಂದಿನ ಆರ್ಕಿಡ್ ಕೃಷಿಯೆಲ್ಲ ಇದರಿಂದ ಹುಟ್ಟಿದ್ದು. ಆದರೆ ದೇವಿಕೊಪ್ಪದ ಮತ್ತಿಯ ಕೊಂಬೆಗೆ ಯಾರೂ ಸಕ್ಕರೆ ಹಾಕುವದಿಲ್ಲ. ಅಲ್ಲಿ ಬೀಜ, ಶಿಲೀಂಧ್ರ, ತೇವ, ಬೆಳಕು, ಒರಟು ತೊಗಟೆ ಇವೈದೂ ಒಂದೇ ಬೆರಳಗಲದ ಜಾಗದಲ್ಲಿ ಕೂಡಿಬರಬೇಕು. ಕೂಡಿಬಂದರೂ ಬೀಜವು ಹೂ ಬಿಡುವ ಗಿಡವಾಗಲು ಅನೇಕ ವರ್ಷಗಳು ಹಿಡಿಯುವವು.

ಆಶ್ರಯವೃಕ್ಷಗಳು

ಎಲ್ಲ ಮರಗಳೂ ಸೀತಾಳೆಗೆ ಒಗ್ಗುವದಿಲ್ಲ. ಮತ್ತಿಯ ತೊಗಟೆಯು ಮೊಸಳೆಯ ಬೆನ್ನಿನಂತೆ ಆಳವಾಗಿ ಸೀಳಿರುವದು. ಆ ಸೀಳುಗಳಲ್ಲಿ ಬೀಜವು ನಿಲ್ಲುವದು, ತೇವವು ಉಳಿಯುವದು, ಹಾವಸೆ ಬೆಳೆಯುವದು. ಹಳೆಯ ಮಾವು, ಹಲಸುಗಳ ತೊಗಟೆಯೂ ಹೀಗೆಯೇ ಅನುಕೂಲವಾದದ್ದು. ನಂದಿಯ ಮರವಾದರೋ ತನ್ನ ತೆಳು ತೊಗಟೆಯನ್ನು ಕಾಗದದಂತೆ ಕಳಚುತ್ತಿರುವದರಿಂದ ಅದರ ಮೈಮೇಲೆ ಸಸಿಯು ನೆಲೆಯೂರುವದು ಕಷ್ಟ. ಪಟ್ಟಿಪಟ್ಟಿಯಾಗಿ ಸುಲಿಯುವ ನೀಲಗಿರಿಯ ಮರಕ್ಕೂ ಇದೇ ಮಾತು ಸಲ್ಲುವದು. ಆದ್ದರಿಂದ ಮರಗಳ ಸಂಖ್ಯೆಯೊಂದನ್ನೇ ನೋಡಿ ಕಾಡು ಉಳಿದಿದೆಯೆಂದರೆ ಸಾಲದು. ಯಾವ ಮರ, ಎಷ್ಟು ಹಳೆಯದು ಎಂಬದನ್ನೂ ನೋಡಬೇಕು. ಎಳೆಯ ಮತ್ತಿಯ ತೊಗಟೆಯು ಸೀಳಿ ಒರಟಾಗಲು ದಶಕಗಳೇ ಬೇಕು.

ನೇಪಾಳದ ಕಾಠ್ಮಂಡು ಕಣಿವೆಯಲ್ಲಿ ಈ ಶತಮಾನದ ಎರಡನೆಯ ದಶಕದಲ್ಲಿ ಇದೇ ಸೀತಾಳೆ ದಂಡೆಯನ್ನು ಕುರಿತು ನಡೆದ ಅಧ್ಯಯನಗಳಲ್ಲಿ, ಜನವಸತಿಯ ನಡುವೆಯೂ ಅಶ್ವತ್ಥದಂತಹ ಹಳೆಯ ಮರಗಳು ಈ ಸಸ್ಯಕ್ಕೆ ಆಶ್ರಯವಾಗಿರುವದು ಕಂಡುಬಂದಿದೆ. ದೇವರ ಮರವೆಂದು ಕೊಡಲಿ ತಾಗಿಸದೆ ಬಿಟ್ಟದ್ದರ ಫಲವು ಮರಕ್ಕಷ್ಟೇ ಅಲ್ಲ, ಅದರ ಮೇಲೆ ವಾಸಿಸುವವುಗಳಿಗೂ ದೊರೆಯುವದೆಂಬದಕ್ಕೆ ಇದು ನಿದರ್ಶನ.

ಸೀತಾಳೆಯ ದೃಷ್ಟಿಯಿಂದ ಒಂದೊಂದು ಮರವೂ ಒಂದೊಂದು ದ್ವೀಪ. ಬೀಜವು ಗಾಳಿಯಲ್ಲಿ ದೂರ ಹಾರಬಲ್ಲದಾದರೂ ಅದರ ಬಹುಭಾಗವು ತಾಯಿಗಿಡದ ಆಸುಪಾಸಿನಲ್ಲಿಯೇ ಬೀಳುವದು. ಮರವು ಉರುಳಿದರೆ ಅದರ ಮೇಲಿನ ಊರೇ ಮುಳುಗಿದಂತೆ. ಆದ್ದರಿಂದ ಒಂದು ದ್ವೀಪವು ಮುಳುಗುವಷ್ಟರಲ್ಲಿ ನೆರೆಯ ಇನ್ನೊಂದು ದ್ವೀಪದಲ್ಲಿ ಹೊಸ ಒಕ್ಕಲು ಹೂಡಿದ್ದರೆ ಮಾತ್ರ ವಂಶವು ಮುಂದುವರಿಯುವದು.

ಸಂತತಿಯ ಗಣತಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಸ್ಯಶಾಸ್ತ್ರಜ್ಞರು ಒಂದು ಸಸ್ಯದ ಕ್ಷೇಮವನ್ನು ತಿಳಿಯುವದಕ್ಕೆ ಅದರ ಒಟ್ಟು ಸಂಖ್ಯೆಗಿಂತ ಹೆಚ್ಚಾಗಿ ಅದರಲ್ಲಿ ಸಣ್ಣವೆಷ್ಟು ದೊಡ್ಡವೆಷ್ಟು ಎಂಬದನ್ನು ನೋಡುತ್ತಾರೆ. ಸೀತಾಳೆಯ ವಯಸ್ಸನ್ನು ಮರದಂತೆ ಉಂಗುರಗಳಿಂದ ಎಣಿಸಲಾಗದು. ಆದ್ದರಿಂದ ಮೂರು ವರ್ಗಗಳನ್ನು ಮಾಡುವದು ಅನುಕೂಲ: ಬೆರಳಿಗಿಂತ ಗಿಡ್ಡ ಎಲೆಗಳುಳ್ಳ ಸಸಿ, ಎಲೆ ಬೆಳೆದಿದ್ದರೂ ಇನ್ನೂ ಹೂ ಬಿಡದ ಎಳೆಯ ಗಿಡ, ಹೂಗೊನೆಯನ್ನಾಗಲಿ ಹಳೆಯ ಗೊನೆಯ ಕಾವನ್ನಾಗಲಿ ಹೊತ್ತಿರುವ ಪ್ರೌಢ ಗಿಡ.

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಮರಗಳಲ್ಲಿ ತಲಾ 40 ಸೀತಾಳೆಗಳಿವೆಯೆನ್ನಿರಿ. ಮೊದಲನೆಯದರಲ್ಲಿ 28 ಸಸಿ, 8 ಎಳೆಯ ಗಿಡ, 4 ಪ್ರೌಢ ಗಿಡಗಳಿವೆ. ಎರಡನೆಯದರಲ್ಲಿ 2 ಸಸಿ, 6 ಎಳೆಯ ಗಿಡ, 32 ಪ್ರೌಢ ಗಿಡಗಳಿವೆ. ಜೂನ್ ತಿಂಗಳಲ್ಲಿ ದಾರಿಹೋಕನು ನಿಂತು ನೋಡುವದು ಎರಡನೆಯ ಮರವನ್ನೇ. ಆದರೆ ಮುಂದಿನ ತಲೆಮಾರು ಇರುವದು ಮೊದಲನೆಯದರಲ್ಲಿ. ಮುದುಕರಷ್ಟೇ ಇದ್ದು ತೊಟ್ಟಿಲು ತೂಗದ ಮನೆಯಂತೆ ಎರಡನೆಯ ಮರದ ಸ್ಥಿತಿ. ಸೀತಾಳೆಯು ದೀರ್ಘಾಯುವಾದ್ದರಿಂದ ಇಂತಹ ಮರವು ಇನ್ನೂ ಎಷ್ಟೋ ವರ್ಷ ಹೂ ಬಿಡುತ್ತಲೇ ಇರುವದು. ಹೊಸ ಸಸಿ ಹುಟ್ಟುವದು ನಿಂತು ಎಷ್ಟೋ ಕಾಲವಾದರೂ ನಮ್ಮ ಕಣ್ಣಿಗೆ ಕೊರತೆಯು ಬೀಳದು. ಕೊರತೆಯು ಕಾಣುವ ಹೊತ್ತಿಗೆ ಉಪಾಯದ ಕಾಲವು ಮೀರಿರುವದು. ಹೂವಿನ ಸಮೃದ್ಧಿಯನ್ನು ನಂಬಬಾರದೆಂಬದರ ಅರ್ಥ ಇದೇ.

ಗ್ರಾಮದ ಶಾಲೆಗಳೂ ಗ್ರಾಮ ಅರಣ್ಯ ಸಮಿತಿಗಳೂ ಈ ಗಣತಿಯನ್ನು ಸುಲಭವಾಗಿ ಮಾಡಬಹುದು. ಹತ್ತು ಮರಗಳನ್ನು ಗೊತ್ತುಮಾಡಿ, ಪ್ರತಿಯೊಂದರ ಜಾತಿ, ಸುತ್ತಳತೆ, ತೊಗಟೆಯ ಬಗೆಗಳನ್ನು ಬರೆದುಕೊಂಡು, ಮೂರು ವರ್ಗಗಳ ಗಿಡಗಳನ್ನು ಬೇರೆ ಬೇರೆಯಾಗಿ ಎಣಿಸತಕ್ಕದ್ದು. ಸಸಿಗಳು ಮೇಲಿನ ಕೊಂಬೆಗಳ ಸಂದಿಗಳಲ್ಲಿ ಅಡಗಿರುವದರಿಂದ ಒಂದು ದುರ್ಬೀನು ಅವಶ್ಯ. ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ಮರಗಳನ್ನೇ ಎಣಿಸಬೇಕು. ಮಳೆ ಕೊರತೆಯಾದ ವರ್ಷ ಸಸಿಗಳು ಕಡಿಮೆಯಾಗುವದು ಸಹಜವಾದ್ದರಿಂದ ಒಂದೇ ವರ್ಷದ ಲೆಕ್ಕದಿಂದ ತೀರ್ಮಾನಕ್ಕೆ ಬರಬಾರದು. ಐದಾರು ವರ್ಷಗಳ ಲೆಕ್ಕವು ಕೂಡಿದಾಗ ನಿಜಸ್ಥಿತಿಯು ತಿಳಿಯುವದು.

ಸಸಿಗಳು ಹುಟ್ಟದಿರುವ ಕಾರಣಗಳು

ಹೂಗೊನೆಗಳನ್ನೆಲ್ಲ ಮುರಿದೊಯ್ದರೆ ಕಾಯಿಯಿಲ್ಲ, ಕಾಯಿಯಿಲ್ಲದಿದ್ದರೆ ಬೀಜವಿಲ್ಲ. ಇದು ಮೊದಲನೆಯ ಕಾರಣ. ಬುಡಸಹಿತ ಕಿತ್ತು ಮಾರುವದು ಇದಕ್ಕಿಂತ ಕೆಟ್ಟದ್ದು. ಕೀಳುವವರು ಆರಿಸುವದು ಹೂ ಬಿಡುವ ಪ್ರೌಢ ಗಿಡಗಳನ್ನೇ ಆದ್ದರಿಂದ ವಂಶದ ಬೀಜಕೋಶವೇ ಬರಿದಾಗುವದು. ಪರಾಗವನ್ನೊಯ್ಯುವ ಕೀಟಗಳು ಕಡಿಮೆಯಾದರೆ ಹೂವು ಬಂಜೆಯಾಗಿ ಉದುರುವದು. ದೊಡ್ಡ ಮರಗಳನ್ನು ಕಡಿದು ಕಾಡು ತೆಳುವಾದರೆ ಬಿಸಿಲು ಗಾಳಿಗಳು ಒಳನುಗ್ಗಿ ತೊಗಟೆಯ ಹಾವಸೆಯೂ ತೇವವೂ ಒಣಗುವವು. ಬಲಿತ ಗಿಡವು ಅದನ್ನು ಸಹಿಸಿಕೊಂಡರೂ ಸಾಸಿವೆಯಷ್ಟಿರುವ ಎಳೆಯ ಮೊಳಕೆಯು ಸಹಿಸದು. ಬೇಸಿಗೆಯ ಕಾಡುಕಿಚ್ಚಿನ ಉರಿಯು ಬುಡದ ಹತ್ತಿರದ ಸಸಿಗಳನ್ನು ಸುಡುವದು.

ಒಕ್ಕಲಿಗರು ಮಾಡತಕ್ಕದ್ದು

ಕಾಡಿನ ರಕ್ಷಣೆಯು ಅರಣ್ಯ ಇಲಾಖೆಯ ಕೆಲಸವೆಂದು ಒಕ್ಕಲಿಗರು ದೂರ ಸರಿಯಲಾಗದು. ಕಾಡಿನಂಚಿನ ಹೊಲಗಳ ಬದುವಿನಲ್ಲಿ, ಮಾವಿನ ತೋಟಗಳಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ಹಳೆಯ ಮರಗಳು ಒಂದು ದ್ವೀಪದಿಂದ ಇನ್ನೊಂದಕ್ಕೆ ಬೀಜವು ದಾಟುವ ಮೆಟ್ಟಿಲುಗಳಾಗಿವೆ. ಆದ್ದರಿಂದ ಈ ಕೆಳಗಿನ ಸೂಚನೆಗಳನ್ನು ಪಾಲಿಸಬೇಕೆಂದು ವಿನಂತಿ.

1. ತೋಟ ಶುದ್ಧಮಾಡುವ ಆಳುಗಳಿಗೆ ಬಂದಣಿಕೆ, ಸೀತಾಳೆಗಳ ಭೇದವನ್ನು ಮೊದಲೇ ತೋರಿಸಿಕೊಡಬೇಕು. ಗಂಟು ಕಟ್ಟಿದ್ದನ್ನು ಕತ್ತರಿಸುವದು. ತೊಗಟೆಯನ್ನು ಅಪ್ಪಿದ್ದನ್ನು ಬಿಡುವದು.

2. ಬದುವಿನ ಹಳೆಯ ಮತ್ತಿ, ಮಾವು, ಹಲಸು, ಆಲ, ಅಶ್ವತ್ಥಗಳನ್ನು ಕಡಿಯಬಾರದು. ಅವು ಮುಪ್ಪಾದರೆ ಪಕ್ಕದಲ್ಲಿಯೇ ಅದೇ ಜಾತಿಯ ಸಸಿಯನ್ನು ಈಗಲೇ ನೆಡುವದು ಒಳ್ಳೆಯದು.

3. ಸ್ವಂತ ಮರದ ಹೂವನ್ನು ಮುಡಿಯಲು ಕೊಯ್ದರೂ ಪ್ರತಿ ಗಿಡದಲ್ಲಿ ಒಂದಾದರೂ ಗೊನೆಯನ್ನು ಕಾಯಿಗಾಗಿ ಬಿಡಬೇಕು. ಕಾಯಿಯು ಬಲಿತು ಒಡೆಯಲು ಅನೇಕ ತಿಂಗಳು ಬೇಕಾಗುವವು.

4. ಗಾಳಿಮಳೆಗೆ ತಮ್ಮ ಹೊಲದಲ್ಲಿ ಕೊಂಬೆ ಮುರಿದುಬಿದ್ದರೆ ಅದರ ಮೇಲಿನ ಸೀತಾಳೆಯನ್ನು ಬೇರು ಹರಿಯದಂತೆ ಬಿಡಿಸಿ, ಒರಟು ತೊಗಟೆಯ ಮರದ ಅರೆನೆರಳಿನ ಕೊಂಬೆಗೆ ತೆಂಗಿನ ನಾರಿನಿಂದ ಕಟ್ಟಬೇಕು. ಮಣ್ಣಿನಲ್ಲಿ ಹೂಳಬಾರದು, ಬೇರು ಕೊಳೆಯುವದು. ಮಳೆಗಾಲದ ಆರಂಭವೇ ಇದಕ್ಕೆ ಯೋಗ್ಯ ಕಾಲ.

5. ಮಾವಿನ ತೋಟದ ಸೀತಾಳೆಯು ಅರಳಿರುವ ದಿನಗಳಲ್ಲಿ ಕೀಟನಾಶಕವನ್ನು ಸಿಂಪಡಿಸಬಾರದು.

6. ಬದುವಿನ ಕಸಕ್ಕೆ ಇಟ್ಟ ಬೆಂಕಿಯು ಕಾಡಿಗೆ ಹಬ್ಬದಂತೆ ಎಚ್ಚರವಹಿಸಬೇಕು.

ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ತರುವದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧವೆಂಬದನ್ನೂ ಇಲ್ಲಿ ಹೇಳಬೇಕಾಗಿದೆ. 1975ರಿಂದ ಜಾರಿಯಲ್ಲಿರುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಸೀತಾಳೆಯ ಇಡೀ ಕುಟುಂಬವೇ ಸೇರಿರುವದರಿಂದ ಅದರ ವಿದೇಶ ವ್ಯಾಪಾರಕ್ಕೂ ನಿಯಮಗಳಿವೆ. ಮನೆಯಂಗಳಕ್ಕೆ ಅಥವಾ ವ್ಯಾಪಾರಕ್ಕೆ ಆರ್ಕಿಡ್ ಬೇಕೆನ್ನುವವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಸಸಿಗಳನ್ನು ನಂಬಿಗಸ್ತ ಸಸ್ಯಾಲಯಗಳಿಂದ ಕೊಳ್ಳುವದೇ ಸರಿಯಾದ ಮಾರ್ಗ. ಕಾಡಿನಿಂದ ಕಿತ್ತುತಂದ ಗಿಡವು ಬಹುಮಟ್ಟಿಗೆ ಮನೆಯಲ್ಲಿ ಸೊರಗುವದು. ಕಾಡಿಗೂ ಇಲ್ಲ, ಮನೆಗೂ ಇಲ್ಲವೆಂಬಂತಾಗುವದು.

ಬಿತ್ತನೆಯ ಕಾಳನ್ನು ತೆಗೆದಿಡದೆ ರಾಶಿಯನ್ನೆಲ್ಲ ಮಾರಿದ ಒಕ್ಕಲಿಗನು ಆ ವರ್ಷ ಸಿರಿವಂತನಾಗಿ ಕಾಣಬಹುದು. ಮುಂದಿನ ಮೃಗಶಿರೆಯಲ್ಲಿ ಅವನ ಕೈ ಬರಿದು. ನಮ್ಮ ಹಿರಿಯರು ಈ ತಪ್ಪನ್ನು ಮಾಡುತ್ತಿರಲಿಲ್ಲ. ಅದೇ ವಿವೇಕವನ್ನು ಕಾಡಿನ ಮರದ ಮೇಲಿನ ಈ ಸಣ್ಣ ಗಿಡಕ್ಕೂ ತೋರಿಸುವದು ಕಷ್ಟದ ಕೆಲಸವಲ್ಲ. ಬರುವ ಮುಂಗಾರಿನಲ್ಲಿ ದೇವಿಕೊಪ್ಪದ ಕಡೆಗೆ ಹೋಗುವವರು ಇಳಿಬಿದ್ದ ಗೊನೆಗಳನ್ನು ನೋಡಿ ಆನಂದಿಸಲಿ. ಹಾಗೆಯೇ ಅವುಗಳ ಪಕ್ಕದ ತೊಗಟೆಯ ಸಂದಿಯಲ್ಲಿ ಎರಡೆಲೆಯ ಸಸಿಯೊಂದಿದೆಯೇ ಎಂದು ಹುಡುಕಿಯೂ ನೋಡಲಿ. ಅದು ಸಿಕ್ಕರೆ ಸಂತೋಷಕ್ಕೆ ಕಾರಣವುಂಟು. ಸಿಗದಿದ್ದರೆ ಆ ಮರವನ್ನೂ ಅದರ ನೆರೆಯ ಮರಗಳನ್ನೂ ಕಾಯುವ ಕೆಲಸವು ಅಂದಿನಿಂದಲೇ ಆರಂಭವಾಗಬೇಕು.